ಸಣ್ಣ ಉದ್ಯೋಗಕ್ಕೆ ಸರ್ಕಾರದ ಸಾಲ, ಸಬ್ಸಿಡಿ: ಹೆಣ್ಣುಮಕ್ಕಳು ಯಾವ ಬಾಗಿಲು ತಟ್ಟಬೇಕು, ಹೇಗೆ

"ಮಹಿಳೆಯರಿಗೆ 3 ಲಕ್ಷ ಉಚಿತ, ಇವತ್ತೇ ಕೊನೆಯ ದಿನ" ಅನ್ನುವ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರುತ್ತದೆ. ಅದರಲ್ಲಿರುವ ಯೋಜನೆ ಬಹುತೇಕ ನಿಜವೇ ಆಗಿರುತ್ತದೆ. ಉಚಿತ ಅನ್ನುವುದು ಮಾತ್ರ ಸುಳ್ಳು. ಹೊಲಿಗೆ, ರೊಟ್ಟಿ, ಉಪ್ಪಿನಕಾಯಿ, ಬ್ಯೂಟಿ ಪಾರ್ಲರ್, ಹಿಟ್ಟಿನ ಗಿರಣಿ ಅಂತ ಏನಾದರೂ ಶುರು ಮಾಡಬೇಕು ಅಂದುಕೊಂಡಿರುವವರು ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಸರ್ಕಾರ ನಿಮ್ಮ ಕೈಗೆ ದುಡ್ಡು ಕೊಡುವುದು ತೀರಾ ಕಡಿಮೆ. ಸಾಲ ಕೊಡುವುದು ಬ್ಯಾಂಕು. ಆ ಸಾಲದ ಒಂದು ಪಾಲನ್ನು ಸರ್ಕಾರ ಕಟ್ಟುತ್ತದೆ, ಅದೂ ಹೆಚ್ಚಿನ ಯೋಜನೆಗಳಲ್ಲಿ ಸಾಲದ ಖಾತೆಗೇ ಹೋಗುತ್ತದೆ. ಮೊದಲ ದಿನ ಖರ್ಚು ಮಾಡಲು ಒಂದಿಷ್ಟು ಹಣ ನಿಮ್ಮ ಹತ್ತಿರವೇ ಇರಬೇಕು. ಕಡೆಗೆ ಹೌದು, ಇಲ್ಲ ಅನ್ನುವವರು ಬ್ಯಾಂಕ್ ಮ್ಯಾನೇಜರ್. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಇನ್ನೊಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಘಟಕಕ್ಕೆ ಒಂದು ಕಡೆ ಸಬ್ಸಿಡಿ ತೆಗೆದುಕೊಂಡರೆ ಇನ್ನೊಂದು ದೊಡ್ಡ ಯೋಜನೆಯ ಬಾಗಿಲು ಮುಚ್ಚಿಹೋಗಬಹುದು. ಪಿಎಂಇಜಿಪಿ ಅನ್ನುವ ಕೇಂದ್ರದ ಯೋಜನೆಯಲ್ಲಿ ಈ ನಿಯಮ ಸ್ಪಷ್ಟವಾಗಿಯೇ ಇದೆ, ಬೇರೆ ಯೋಜನೆಯಲ್ಲಿ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೆ ಅಲ್ಲಿ ಅವಕಾಶ ಇಲ್ಲ. ಹಾಗಾಗಿ ಮೊದಲು ಸಿಕ್ಕಿದ್ದಕ್ಕೆ ಅರ್ಜಿ ಹಾಕಿಬಿಡೋಣ ಅನ್ನುವುದು ಬೇಡ. ನಿಮ್ಮ ಕೆಲಸ ಯಾವುದು, ಎಷ್ಟು ದುಡ್ಡು ಬೇಕು, ಹೊಸದಾಗಿ ಶುರು ಮಾಡ್ತಿದ್ದೀರಾ ಅಥವಾ ಈಗಾಗಲೇ ನಡೀತಿದೆಯಾ, ಇವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಆಮೇಲೆ ಯೋಜನೆ ಆರಿಸಿ.

ಹೊಸ ಘಟಕ, ದೊಡ್ಡ ಮೊತ್ತ: ಪಿಎಂಇಜಿಪಿ

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಿಂದ ನಡೆಯುತ್ತಿದೆ. ಖಾದಿ ಆಯೋಗ, ರಾಜ್ಯದ ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಈ ಮೂರರ ಮೂಲಕವೂ ಅರ್ಜಿ ಹೋಗುತ್ತದೆ. ತಯಾರಿಕೆಯಾದರೆ 50 ಲಕ್ಷದವರೆಗಿನ ಯೋಜನೆ, ಸೇವಾ ವಲಯವಾದರೆ 20 ಲಕ್ಷದವರೆಗೆ. ಸಾಮಾನ್ಯ ವರ್ಗದ ಗಂಡಸರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಹೆಣ್ಣುಮಕ್ಕಳಿಗೆ, ಅವರು ಯಾವುದೇ ಜಾತಿಯವರಾಗಿರಲಿ, ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೂ ಇದೇ ದರ. ಇವರೆಲ್ಲ ಕೈಯಿಂದ ಹಾಕಬೇಕಾದ್ದು ಶೇ 5 ಮಾತ್ರ, ಸಾಮಾನ್ಯ ವರ್ಗದವರು ಶೇ 10 ಹಾಕಬೇಕು.

ಹಳ್ಳಿ, ನಗರ ಅನ್ನುವುದು ಘಟಕ ಎಲ್ಲಿದೆ ಅನ್ನುವುದರ ಮೇಲೆ ತೀರ್ಮಾನ ಆಗುತ್ತದೆ, ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನುವುದರ ಮೇಲಲ್ಲ. ಊರಂಚಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಒಂದು ಶೆಡ್ ಬಾಡಿಗೆಗೆ ಸಿಕ್ಕರೆ ಶೇ 10ರಷ್ಟು ಸಬ್ಸಿಡಿ ಜಾಸ್ತಿ ಆಯಿತಲ್ವಾ? ನನಗೆ ಗೊತ್ತಿರುವಂತೆ ಈ ಒಂದು ಸಣ್ಣ ವಿಷಯವನ್ನು ಅರ್ಜಿ ಹಾಕುವ ಮೊದಲು ಯೋಚಿಸುವವರು ತುಂಬಾ ಕಡಿಮೆ.

ಒಂದು ಲೆಕ್ಕ ನೋಡೋಣ. ಹಳ್ಳಿಯಲ್ಲಿ ಜೋಳದ ರೊಟ್ಟಿ ಘಟಕಕ್ಕೆ ಒಬ್ಬ ಮಹಿಳೆ 6 ಲಕ್ಷದ ಯೋಜನೆ ಹಾಕಿದರು ಅಂತಿಟ್ಟುಕೊಳ್ಳಿ. ಕೈಯಿಂದ 30,000. ಬ್ಯಾಂಕು ಮಂಜೂರು ಮಾಡುವುದು 5,70,000. ಸಬ್ಸಿಡಿ 2,10,000. ಈ 2,10,000 ನಿಮ್ಮ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ 3 ವರ್ಷ ಕೂತಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಆದರೆ ಅಷ್ಟು ಮೊತ್ತದ ಸಾಲಕ್ಕೆ ನೀವೂ ಬಡ್ಡಿ ಕಟ್ಟಬೇಕಿಲ್ಲ. ಅಂದರೆ ನಿಜವಾಗಿ ನಿಮ್ಮ ತಲೆಯ ಮೇಲಿರುವ ಸಾಲ 3,60,000. ಬಡ್ಡಿ ಶೇ 11 ಅಂತಿಟ್ಟುಕೊಂಡು 5 ವರ್ಷಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 7,800 ರೂಪಾಯಿ ಕಂತು. ಹಿಟ್ಟು, ಗ್ಯಾಸು, ಕೂಲಿ, ಪ್ಯಾಕಿಂಗು ಎಲ್ಲ ಕಳೆದು ರೊಟ್ಟಿಗೆ 2 ರೂಪಾಯಿ ಉಳಿದರೆ, ಬರೀ ಕಂತಿಗೇ ತಿಂಗಳಿಗೆ 3,900 ರೊಟ್ಟಿ ಮಾರಬೇಕು. 26 ದಿನ ಕೆಲಸ ಮಾಡಿದರೆ ದಿನಕ್ಕೆ 150. ಅದಾದ ಮೇಲೆ ಮಾರಿದ್ದು ನಿಮ್ಮ ಮನೆಗೆ. ಈ ಲೆಕ್ಕ ನಿಮ್ಮ ಉದ್ಯೋಗಕ್ಕೆ ನೀವೇ ಹಾಕಿ ನೋಡಿ. 150 ರೊಟ್ಟಿ ಕೊಳ್ಳುವ ಮೆಸ್, ಅಂಗಡಿ, ಹೋಟೆಲು ಯಾವುದು ಅಂತ ಹೆಸರು ಹೇಳಲು ಆಗದಿದ್ದರೆ ಇನ್ನೂ ಅರ್ಜಿ ಹಾಕುವ ಹೊತ್ತು ಬಂದಿಲ್ಲ.

ಕೆಲವು ನಿಯಮ ನೆನಪಿರಲಿ. 18 ವರ್ಷ ತುಂಬಿರಬೇಕು. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ಮೀರಿದ ಯೋಜನೆಗೆ 8ನೇ ತರಗತಿ ಪಾಸಾಗಿರಬೇಕು. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಮುಖ್ಯವಾಗಿ, ಘಟಕ ಹೊಸದಾಗಿರಬೇಕು. ಈಗಾಗಲೇ ನಡೆಯುತ್ತಿರುವ ಅಂಗಡಿಯನ್ನು ಹೊಸದು ಅಂತ ತೋರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಆಮೇಲೆ ಜಾಗ ನೋಡಲು ಜನ ಬರುತ್ತಾರೆ.

ತಿನ್ನುವ ಪದಾರ್ಥ ಮಾಡುವವರಿಗೆ: ಪಿಎಂಎಫ್‌ಎಂಇ

ಆಹಾರ ಸಂಸ್ಕರಣೆಯವರಿಗೆ ಕರ್ನಾಟಕದಲ್ಲಿ ನನ್ನ ಪ್ರಕಾರ ಇದೇ ಒಳ್ಳೆಯ ಯೋಜನೆ, ಆದರೂ ಇದರ ಬಗ್ಗೆ ಮಾತು ಕಡಿಮೆ. 2020ರಲ್ಲಿ ಕೇಂದ್ರ ತಂದ ಯೋಜನೆ ಇದು. ಮೂಲ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ. ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಶೇ 15 ಸೇರಿಸಿದ್ದರಿಂದ ಇಲ್ಲಿ ಶೇ 50, ಗರಿಷ್ಠ 15 ಲಕ್ಷ ಆಗುತ್ತದೆ. ಮೇಲೆ ಹೇಳಿದ 6 ಲಕ್ಷದ ರೊಟ್ಟಿ ಘಟಕಕ್ಕೆ ಇಲ್ಲಿ ಸಬ್ಸಿಡಿ 3 ಲಕ್ಷ. ಆದರೆ ಕೈಯಿಂದ ಶೇ 10 ಹಾಕಬೇಕು, ಅಂದರೆ 30,000 ಬದಲು 60,000. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಈ ವ್ಯತ್ಯಾಸ ದೊಡ್ಡದೇ.

ಈಗಾಗಲೇ ನಡೆಯುತ್ತಿರುವ ಘಟಕವನ್ನು ದೊಡ್ಡದು ಮಾಡಿಕೊಳ್ಳಲೂ ಇಲ್ಲಿ ಅವಕಾಶ ಇದೆ, ಅದು ಪಿಎಂಇಜಿಪಿಗಿಂತ ದೊಡ್ಡ ಅನುಕೂಲ. ಮನೆಯಲ್ಲೇ ಹತ್ತು ವರ್ಷದಿಂದ ಹಪ್ಪಳ ಮಾಡಿ ಮಾರುತ್ತಿರುವವರು ಯಂತ್ರ ಕೊಳ್ಳಬಹುದು. ಜಿಲ್ಲೆಗೊಂದು ಉತ್ಪನ್ನ ಅಂತ ಒಂದು ಪಟ್ಟಿಯೂ ಇದೆ, ಮಂಡ್ಯಕ್ಕೆ ಬೆಲ್ಲ, ತುಮಕೂರಿಗೆ ತೆಂಗು, ಕಲಬುರಗಿಗೆ ತೊಗರಿ, ಕೊಡಗಿಗೆ ಕಾಫಿ, ಚಾಮರಾಜನಗರಕ್ಕೆ ಅರಿಸಿನ, ಹೀಗೆ. ಪಟ್ಟಿಯಲ್ಲಿ ಇಲ್ಲದ ಉತ್ಪನ್ನದವರೂ ಅರ್ಜಿ ಹಾಕಬಹುದು, ಸುಮ್ನೆ ಹಿಂದೆ ಸರಿಯಬೇಡಿ. ಸ್ವಸಹಾಯ ಸಂಘದಲ್ಲಿದ್ದು ಆಹಾರದ ಕೆಲಸ ಮಾಡುತ್ತಿದ್ದರೆ ಒಬ್ಬ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಸಂಘದ ಒಕ್ಕೂಟದ ಮೂಲಕ ಸಿಗುತ್ತದೆ.

ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಸುವುದು, ಆನ್‌ಲೈನ್ ಅರ್ಜಿ, ಬ್ಯಾಂಕಿಗೆ ಓಡಾಟ, ಆಹಾರ ಪರವಾನಗಿ, ಎಲ್ಲದಕ್ಕೂ ಅವರು ನೆರವಾಗಬೇಕು. ಮಂಜೂರಾದ ಅರ್ಜಿಗೆ ಅವರಿಗೆ ಸರ್ಕಾರವೇ ದುಡ್ಡು ಕೊಡುತ್ತದೆ, ನೀವು ಕೊಡಬೇಕಿಲ್ಲ. ಅವರ ಹೆಸರು, ನಂಬರ್ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಈ ಯೋಜನೆಗೆ ಅವಧಿ ಇದೆ, ವಿಸ್ತರಣೆ ಆಗುತ್ತಾ ಬಂದಿದೆ, ಆದ್ದರಿಂದ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಮೊದಲು ವಿಚಾರಿಸಿ.

ಕಡಿಮೆ ಆದಾಯದ ಮನೆಯವರಿಗೆ: ಉದ್ಯೋಗಿನಿ

ಇದು ರಾಜ್ಯದ್ದು, ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ನಡೆಸುತ್ತದೆ. 18ರಿಂದ 55 ವರ್ಷದೊಳಗಿನ ಹೆಣ್ಣುಮಕ್ಕಳಿಗೆ. ಬ್ಯಾಂಕ್ ಸಾಲ 3 ಲಕ್ಷದವರೆಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಲದ ಶೇ 50 ಸಬ್ಸಿಡಿ, ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗಿರಬೇಕು. ಉಳಿದವರಿಗೆ ಶೇ 30, ಗರಿಷ್ಠ 90,000, ಆದಾಯ 1.5 ಲಕ್ಷದೊಳಗೆ. ವಿಧವೆಯರಿಗೆ, ಅಂಗವಿಕಲ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ಅರ್ಜಿ ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣದ ಮೂಲಕ. ಗ್ರಾಮ ಒನ್ ಕೇಂದ್ರದಲ್ಲೂ ಹಾಕಿಸಬಹುದು. ಮಾಹಿತಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಿ.

ತೊಡಕು ಏನೆಂದರೆ ಪ್ರತಿ ತಾಲ್ಲೂಕಿಗೆ ವರ್ಷಕ್ಕೆ ಇಷ್ಟೇ ಜನ ಅಂತ ಗುರಿ ಇರುತ್ತದೆ, ಶಾಸಕರ ಅಧ್ಯಕ್ಷತೆಯ ಸಮಿತಿ ಆಯ್ಕೆ ಮಾಡುತ್ತದೆ. ಅರ್ಜಿ ಕರೆಯುವುದೂ ವರ್ಷದಲ್ಲಿ ಕೆಲವು ದಿನ ಮಾತ್ರ. ಹೀಗಾಗಿ ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ತಡವಾಗುತ್ತದೆ. ಆಯ್ಕೆ ಆದ ಮೇಲೂ ಬ್ಯಾಂಕು ಒಪ್ಪಬೇಕು ಅನ್ನುವುದನ್ನು ಮರೆಯಬೇಡಿ. ಅಂಬೇಡ್ಕರ್ ಅಭಿವೃದ್ಧಿ ನಿಗಮ, ವಾಲ್ಮೀಕಿ ನಿಗಮ, ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮದಲ್ಲೂ ಸ್ವಯಂ ಉದ್ಯೋಗದ ಸಾಲಗಳಿವೆ, ಅವೂ ಹೆಚ್ಚು ಕಡಿಮೆ ಹೀಗೇ ನಡೆಯುತ್ತವೆ.

ಬೇಗ ಬೇಕು, ಸ್ವಲ್ಪವೇ ಬೇಕು ಅನ್ನುವವರಿಗೆ

ಬ್ಯಾಂಕುಗಳು ಕೊಡುವ ಕೇಂದ್ರದ ಸಾಲ ಯೋಜನೆ ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಶೇ 30 ಮನ್ನಾ ಆಗುತ್ತದೆ ಅಂತ ನಂಬಿ ಸಾಲ ತೆಗೆದವರಿದ್ದಾರೆ. ಶಿಶು 50,000ವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 2024ರ ಬಜೆಟ್ಟಿನಲ್ಲಿ ಮಿತಿಯನ್ನು 20 ಲಕ್ಷಕ್ಕೆ ಏರಿಸಿದರು. ಅಡಮಾನ ಬೇಡ. ಆಯ್ಕೆ ಸಮಿತಿ, ಗುರಿ ಅಂತ ಕಾಯುವುದು ಇಲ್ಲ, ನೇರ ಬ್ಯಾಂಕಿಗೆ ಹೋಗಬಹುದು. ಸಬ್ಸಿಡಿ ಆಸೆಗೆ ಎರಡು ವರ್ಷ ಕಾಯುವುದಕ್ಕಿಂತ 50,000 ಮುದ್ರಾ ಸಾಲದಲ್ಲಿ ಎರಡು ಹೊಲಿಗೆ ಯಂತ್ರ ತಂದು ಕೆಲಸ ಶುರು ಮಾಡುವುದೇ ಲೇಸು ಅನ್ನಿಸುವ ಸಂದರ್ಭಗಳು ಬಹಳ ಇವೆ. ತೀರಿಸಿದ ಆ ಸಾಲವೇ ಮುಂದಿನ ದೊಡ್ಡ ಸಾಲಕ್ಕೆ ನಿಮ್ಮ ಸಾಕ್ಷಿ.

ಬೀದಿ ಬದಿ ವ್ಯಾಪಾರಿಗಳಿಗೆ ಸ್ವನಿಧಿ ಇದೆ. 2025ರಲ್ಲಿ ಮೊತ್ತ ಬದಲಾಯಿಸಿದರು, ಈಗ ಮೊದಲ ಸಾಲ 15,000, ಎರಡನೆಯದು 25,000, ಮೂರನೆಯದು 50,000. ಸಮಯಕ್ಕೆ ಕಟ್ಟಿದರೆ ಶೇ 7 ಬಡ್ಡಿ ಸಹಾಯಧನ. ಪಾಲಿಕೆ ಅಥವಾ ಪುರಸಭೆಯ ವ್ಯಾಪಾರಿ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಟೈಲರ್, ಕುಂಬಾರರು, ಬಡಗಿ, ಹೂವು ಕಟ್ಟುವವರು ಸೇರಿ 18 ಕಸುಬಿನವರಿಗೆ ಪಿಎಂ ವಿಶ್ವಕರ್ಮ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಶೇ 5 ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ. ಮನೆಗೆ ಒಬ್ಬರಿಗೆ ಮಾತ್ರ.

ದೊಡ್ಡದಾಗಿ ಹೋಗುವವರು ರಾಜ್ಯ ಸರ್ಕಾರದ ಹಣಕಾಸು ನಿಗಮ ಕೆಎಸ್‌ಎಫ್‌ಸಿಯಲ್ಲಿ ಮಹಿಳಾ ಉದ್ಯಮಿಗಳ ಬಡ್ಡಿ ಸಹಾಯಧನದ ಬಗ್ಗೆ ವಿಚಾರಿಸಿ. ಅಲ್ಲಿ ಸಾಲದ ಬಡ್ಡಿಯ ಒಂದು ಪಾಲನ್ನು ರಾಜ್ಯ ಸರ್ಕಾರ ತುಂಬಿಕೊಡುತ್ತದೆ. 10 ಲಕ್ಷದಿಂದ 1 ಕೋಟಿವರೆಗಿನ ಸ್ಟ್ಯಾಂಡ್ ಅಪ್ ಇಂಡಿಯಾ ಹೆಸರು ಇನ್ನೂ ಹಲವು ವಿಡಿಯೊಗಳಲ್ಲಿ ಬರುತ್ತದೆ, ಅದರ ಅವಧಿ 2025ರ ಮಾರ್ಚ್‌ಗೆ ನಿಗದಿಯಾಗಿತ್ತು. ಮೊದಲ ಸಲ ಉದ್ಯಮ ಶುರು ಮಾಡುವ ಮಹಿಳೆಯರಿಗೆ, ಪರಿಶಿಷ್ಟರಿಗೆ 2 ಕೋಟಿವರೆಗಿನ ಅವಧಿ ಸಾಲದ ಹೊಸ ಯೋಜನೆಯನ್ನು 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದರು. ಶಾಖೆಯಲ್ಲಿ ಅದನ್ನೇ ಕೇಳಿ.

ಕಾಗದಪತ್ರ, ಆಮೇಲೆ ಬ್ಯಾಂಕು

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಬಹುದಾದ ಕೆಲಸ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಆಗುತ್ತದೆ, ಒಂದು ರೂಪಾಯಿ ಶುಲ್ಕ ಇಲ್ಲ. ದುಡ್ಡು ಕೇಳುವ ವೆಬ್‌ಸೈಟುಗಳು ಸರ್ಕಾರದ್ದೇ ಅನ್ನಿಸುವಂತೆ ಕಾಣುತ್ತವೆ, ವಿಳಾಸದ ಕೊನೆಯಲ್ಲಿ gov.in ಇದೆಯಾ ನೋಡಿಕೊಳ್ಳಿ. ಪಿಎಂಇಜಿಪಿಗೆ ಹೊಸ ಘಟಕ ಅಂತ ಅರ್ಜಿ ಹಾಕುವವರು ಮಾತ್ರ ಇದನ್ನು ಯಾವಾಗ ಮಾಡಿಸಬೇಕು ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡು ಮಾಡಿಸಿ. ಆಹಾರದ ಕೆಲಸವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ರಾಜ್ಯದೊಳಗಿನ ವ್ಯಾಪಾರಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ.

ಪ್ರಾಜೆಕ್ಟ್ ರಿಪೋರ್ಟನ್ನು ಸೈಬರ್ ಸೆಂಟರಿನಲ್ಲಿ ಹೆಸರು ಬದಲಾಯಿಸಿ ಪ್ರಿಂಟ್ ತೆಗೆಸಿದರೆ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಖಾದಿ ಆಯೋಗದ ಜಾಲತಾಣದಲ್ಲಿ ನೂರಾರು ಮಾದರಿ ವರದಿಗಳಿವೆ. ಅವನ್ನು ನೋಡಿ, ಆದರೆ ಅಂಕಿಗಳು ನಿಮ್ಮ ಊರಿನದಾಗಿರಲಿ. ಜೋಳ ಕ್ವಿಂಟಲಿಗೆ ಎಷ್ಟು, ಶೆಡ್ ಬಾಡಿಗೆ ಎಷ್ಟು, ಕರೆಂಟ್ ಬಿಲ್ ಎಷ್ಟು ಬರಬಹುದು, ಬೇಸಿಗೆಯಲ್ಲಿ ಮಾರಾಟ ಹೇಗೆ, ಮಳೆಗಾಲದಲ್ಲಿ ಹೇಗೆ. ಯಂತ್ರದ ಕೊಟೇಶನ್ ಎರಡು ಮೂರು ಕಡೆಯಿಂದ ತನ್ನಿ. ಬೆಲೆ ಏರಿಸಿ ಬರೆದುಕೊಡುತ್ತೇನೆ, ಉಳಿದದ್ದು ನಿಮಗೇ ವಾಪಸ್ ಕೊಡುತ್ತೇನೆ ಅನ್ನುವ ಡೀಲರ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ, ಏರಿಸಿದ ಸಾಲದ ಕಂತು ಕಟ್ಟುವವರು ನೀವೇ.

ಅರ್ಜಿ ಆನ್‌ಲೈನಿನಲ್ಲಿ ಹಾಕುವ ಮೊದಲೇ ಬ್ಯಾಂಕ್ ಶಾಖೆಗೆ ಹೋಗಿ ಮಾತನಾಡಿ. ಘಟಕದ ಹತ್ತಿರದ ಶಾಖೆ, ಸಾಧ್ಯವಾದರೆ ನಿಮ್ಮ ಖಾತೆ ಇರುವ ಶಾಖೆ. ಗಂಡನನ್ನೋ ಅಣ್ಣನನ್ನೋ ಕರೆದುಕೊಂಡು ಹೋದರೂ ಮಾತು ನೀವೇ ಆಡಿ. ಉದ್ಯೋಗ ನಡೆಸುವವರು ಯಾರು ಅಂತ ಮ್ಯಾನೇಜರ್ ನೋಡುವುದು ಅಲ್ಲೇ. ಹೆಣ್ಣುಮಕ್ಕಳ ಹೆಸರಿನಲ್ಲಿ ಅರ್ಜಿ, ಹಿಂದೆ ಬೇರೆ ಯಾರೋ ಅನ್ನುವ ಸಂಶಯ ಅವರಿಗೆ ಯಾವಾಗಲೂ ಇರುತ್ತದೆ.

ಹೋಗುವ ಮೊದಲು ಸಿಬಿಲ್ ವರದಿ, ಅಂದರೆ ನಿಮ್ಮ ಹೆಸರಿನ ಸಾಲಗಳ ಇತಿಹಾಸ, ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳ ಅರ್ಜಿ ಇಲ್ಲೇ ನಿಲ್ಲುತ್ತದೆ. ಮೈಕ್ರೋಫೈನಾನ್ಸಿನಲ್ಲಿ ಇನ್ನೊಬ್ಬರಿಗಾಗಿ ತಮ್ಮ ಹೆಸರಿನಲ್ಲಿ ತೆಗೆದ ಸಾಲ, ಜಾಮೀನು ನಿಂತ ಸಾಲ, ಮರೆತುಹೋದ ಮೊಬೈಲ್ ಕಂತು, ಎಲ್ಲ ಅಲ್ಲಿ ಕಾಣುತ್ತವೆ. ತಪ್ಪು ನಮೂದು ಇದ್ದರೆ ಅಲ್ಲೇ ದೂರು ಕೊಟ್ಟು ಸರಿ ಮಾಡಿಸಬಹುದು. ನಿಜವಾದ ಬಾಕಿ ಇದ್ದರೆ ತೀರಿಸಿ ಕೆಲವು ತಿಂಗಳು ಬಿಟ್ಟು ಹೋಗಿ. ಹಾಗಂತ ಆ ನಡುವೆ ಇನ್ನೊಂದು ಮೈಕ್ರೋಫೈನಾನ್ಸ್ ಸಾಲ ತೆಗೆದು ಉದ್ಯೋಗ ಶುರು ಮಾಡಬೇಡಿ. ವಸೂಲಿ ಕಿರುಕುಳ ಎಷ್ಟು ಮಿತಿಮೀರಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಅಡಮಾನ ಕೇಳಿದರೆ ಏನು ಮಾಡುವುದು? ಸಣ್ಣ ಉದ್ಯಮಗಳಿಗೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಅದಕ್ಕಿಂತ ದೊಡ್ಡ ಸಾಲಕ್ಕೂ, ಸಾಲ ಮುಳುಗಿದರೆ ಬ್ಯಾಂಕಿಗೆ ಒಂದು ಪಾಲು ತುಂಬಿಕೊಡುವ ಸರ್ಕಾರಿ ಟ್ರಸ್ಟ್ ಆದ ಸಿಜಿಟಿಎಂಎಸ್‌ಇ ಖಾತರಿ ಸಿಗುತ್ತದೆ, ಮಹಿಳೆಯರ ಘಟಕಗಳಿಗೆ ಖಾತರಿಯ ಪಾಲು ಬೇರೆಯವರಿಗಿಂತ ಜಾಸ್ತಿ. ಇದನ್ನು ಜಗಳ ಆಡದೆ, ಆದರೆ ಗೊತ್ತಿದೆ ಅಂತ ತಿಳಿಯುವಂತೆ ಹೇಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ "ಈಗ ಆಗಲ್ಲ" ಒಪ್ಪಿಕೊಂಡು ಬರಬೇಡಿ. ಆ ಕಾಗದ ಹಿಡಿದು ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಬಹುದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ಸಾಲ ಕೊಡಲೇಬೇಕು ಅಂತ ಅವರು ಆದೇಶ ಮಾಡುವುದಿಲ್ಲ, ಆದರೆ ವಿನಾಕಾರಣ ತಡ, ನಿಯಮ ಮೀರಿದ ಬೇಡಿಕೆ ಇದ್ದರೆ ಕೇಳುತ್ತಾರೆ.

ಮಧ್ಯವರ್ತಿಗಳ ವಿಷಯ. ಮೇಲೆ ಹೇಳಿದ ಯಾವ ಯೋಜನೆಗೂ ಏಜೆಂಟ್ ಬೇಕಿಲ್ಲ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದಿಲ್ಲ, ಹಾಗಾಗಿ "ಸಾಲ ಮಂಜೂರಾಗಿದೆ, 2,500 ಪ್ರೊಸೆಸಿಂಗ್ ಫೀ ಕಳಿಸಿ" ಅಂತ ಅದರ ಹೆಸರಿನಲ್ಲಿ ಬರುವ ಪತ್ರ ಮೋಸವೇ. ಒಟಿಪಿ ಹೇಳಬೇಡಿ, ಖಾಲಿ ಚೆಕ್ಕಿಗೆ ಸಹಿ ಹಾಕಿ ಹೊರಗಿನವರ ಕೈಗೆ ಕೊಡಬೇಡಿ.

ತರಬೇತಿಯನ್ನು ಸುಮ್ನೆ ಸರ್ಟಿಫಿಕೇಟಿಗೆ ಅಂತ ಮುಗಿಸಬೇಡಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ತಂದಿತು. ಊಟ, ವಸತಿ ಸಮೇತ ಉಚಿತ ತರಬೇತಿ. ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ, ಅಣಬೆ, ಹಲವು ಬಗೆ ಇವೆ. ಲೆಕ್ಕ ಇಡುವುದು, ಬ್ಯಾಂಕಿನ ಜೊತೆ ಮಾತಾಡುವುದನ್ನೂ ಕಲಿಸುತ್ತಾರೆ. ಬ್ಯಾಂಕುಗಳೇ ನಡೆಸುವ ಕೇಂದ್ರಗಳಾದ್ದರಿಂದ ಅಲ್ಲಿ ಕಲಿತವರ ಅರ್ಜಿಗೆ ಶಾಖೆಯಲ್ಲಿ ಬೆಲೆ ಇರುತ್ತದೆ. ಅವಸರ ಇಲ್ಲದಿದ್ದರೆ ನಾನು ಹೇಳುವ ಕ್ರಮ ಇದು: ಮೊದಲು ತರಬೇತಿ, ಆಮೇಲೆ ಸಣ್ಣದಾಗಿ ಮಾಡಿ ಮಾರಿ ನೋಡುವುದು, ಗಿರಾಕಿ ಇದ್ದಾರೆ ಅಂತ ಖಾತ್ರಿ ಆದ ಮೇಲೆ ಸಾಲ.

ಸಾಲ ಸಿಕ್ಕಿದ ಮೇಲೆ ಮಾರಾಟದ ದುಡ್ಡೆಲ್ಲ ಅದೇ ಬ್ಯಾಂಕಿನ ಖಾತೆಯ ಮೂಲಕ ಓಡಾಡಲಿ, ಫೋನ್‌ಪೇ, ಗೂಗಲ್‌ಪೇ ಅದಕ್ಕೇ ಜೋಡಿಸಿ. ಘಟಕಕ್ಕೆ ಬೋರ್ಡ್ ಹಾಕಿ, ಬಿಲ್ಲುಗಳನ್ನು ಫೈಲಿನಲ್ಲಿಡಿ, ಯಂತ್ರಕ್ಕೆ ವಿಮೆ ಮಾಡಿಸಿ. ಪಿಎಂಇಜಿಪಿಯಲ್ಲಿ 3 ವರ್ಷದ ಒಳಗೆ ಘಟಕವನ್ನು ಪರಿಶೀಲಿಸಿ, ಅದು ನಡೆಯುತ್ತಿದ್ದರೆ ಮಾತ್ರ ಠೇವಣಿಯಲ್ಲಿಟ್ಟ ಸಬ್ಸಿಡಿಯನ್ನು ಸಾಲಕ್ಕೆ ಜಮೆ ಮಾಡುತ್ತಾರೆ. ಮುಚ್ಚಿದ್ದರೆ ಅದು ಸರ್ಕಾರಕ್ಕೆ ವಾಪಸ್ ಹೋಗುತ್ತದೆ, ಪೂರ್ತಿ ಸಾಲ ನಿಮ್ಮ ಮೇಲೆ ಬೀಳುತ್ತದೆ. 3 ವರ್ಷ ತುಂಬಿದ ತಿಂಗಳು ನೀವೇ ಶಾಖೆಗೆ ಹೋಗಿ ಜಮೆ ಆಯಿತಾ ಅಂತ ಲೆಕ್ಕಪಟ್ಟಿ ತೆಗೆಸಿ ನೋಡಿ, ತಾನಾಗಿ ಆಗುತ್ತದೆ ಅಂತ ಕೂರಬೇಡಿ. ಆ ಸಾಲ ಸಮಯಕ್ಕೆ ತೀರಿ ಘಟಕ ಲಾಭದಲ್ಲಿದ್ದರೆ ಅದನ್ನು ದೊಡ್ಡದು ಮಾಡಲು ಇದೇ ಯೋಜನೆಯಲ್ಲಿ ಎರಡನೇ ಸಾಲಕ್ಕೆ ಅರ್ಜಿ ಹಾಕಬಹುದು. ತಯಾರಿಕೆಗೆ 1 ಕೋಟಿವರೆಗೆ, ಸೇವೆಗೆ 25 ಲಕ್ಷದವರೆಗೆ, ಅದಕ್ಕೆ ಸಬ್ಸಿಡಿ ಶೇ 15.